ಜಗಳಕ್ಕೆ ಸಿಗುವವರು

ಸೇತುವೆಯಾದ ಮೇಲೆ ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ ಹೊಸದೊಂದು ಚಟ ಹತ್ತಿಕೊಂಡಿದೆ: ಕೆಲಸವಿಲ್ಲದಿದ್ದರೂ ಪೇಟೆಗೆ ಹೋಗಿ ಬರುವುದು. ಮೊದಲೆಲ್ಲ ಸಾಗರಕ್ಕೆ ಹೋಗುವುದೆಂದರೆ ಅದಕ್ಕೊಂದು ಚೀಟಿ ಬೇಕಿತ್ತು, ಹಿಂದಿನ ರಾತ್ರಿಯೇ ಮನೆಮಂದಿಯೆಲ್ಲ ಸೇರಿ ಬರೆದ ಚೀಟಿ. ಬೆಳಿಗ್ಗೆ ಲಾಂಚು ಹಿಡಿಯಬೇಕು, ಸಂಜೆ ಕಡೇ ಲಾಂಚು ಬಿಡುವುದರೊಳಗೆ ಹೊಳೆಬಾಗಿಲಿಗೆ ಬಂದು ನಿಲ್ಲಬೇಕು, ತಪ್ಪಿದರೆ ಆಚೆ ದಡದಲ್ಲಿ ನೆಂಟರು ಯಾರಿದ್ದಾರೆಂದು ತಲೆ ಕೆರೆದುಕೊಳ್ಳಬೇಕು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು ನೋಡಿ, ಅಲ್ಲಿಗೆ ಚೀಟಿಯ ಕಾಲ ಮುಗಿಯಿತು. 2.44 ಕಿಲೋಮೀಟರ್ ಸೇತುವೆಯನ್ನು ನಾಲ್ಕು ಹಾಡು ಮುಗಿಯುವುದರೊಳಗೆ ದಾಟಿಬಿಡಬಹುದು. ಈಗ ನಮ್ಮಲ್ಲಿ ಬ್ಲೇಡು ಬೇಕೆಂದರೂ ಸಾಗರ, ಬೇಸರವೆಂದರೂ ಸಾಗರ.

ಹಾಗೆ ಬೇಸರ ಕಳೆಯಲು ಹೊರಟವನು ಒಂದು ದಿನ ಸಾಗರವನ್ನೂ ದಾಟಿ ಶಿವಮೊಗ್ಗದ ದೊಡ್ಡ ಮಾರ್ಟೊಂದರ ಒಳಗೆ ತಣ್ಣಗೆ ನಿಂತಿದ್ದೆ. ಹೆಸರು ಹೇಳುವುದಿಲ್ಲ, ಹೇಳಿದರೂ ಏನಾಗಬೇಕು, ಎಲ್ಲ ಮಾರ್ಟುಗಳ ಒಳಗೂ ಅದೇ ತಂಪು, ಅದೇ ಹಾಡು. ಅಲ್ಲಿ ಒಂದು ವಿಚಿತ್ರ ಕಂಡಿತು. ರವೆಯ ಪೊಟ್ಟಣದ ಮೇಲೆ ಯಾವ ಹೆಸರಿತ್ತೋ ಅದೇ ಹೆಸರು ಉಪ್ಪಿನ ಮೇಲೆ, ಅದೇ ಹೆಸರು ಚಹಾಪುಡಿಯ ಮೇಲೆ, ಅದೇ ಹೆಸರು ಫಿನಾಯಿಲ್ ಬಾಟಲಿಯ ಮೇಲೂ. ಅಂಗಡಿಯವರದೇ ಬ್ರ್ಯಾಂಡಂತೆ. ಬೇರೆ ಕಂಪನಿಯ ಚಹಾಪುಡಿಗಿಂತ ಬೆಲೆ ಕಡಿಮೆ, ಚೀಲ ದೊಡ್ಡದು. ಹಿಂಬದಿ ತಿರುಗಿಸಿ ಓದಿದೆ. ಚಹಾಪುಡಿಯ ಹಿಂಬದಿ ಓದುವವರು ಊರಿಗೊಬ್ಬರು ಇರುತ್ತಾರೆ, ನಮ್ಮೂರಿಗೆ ನಾನು. ತಯಾರಿಸಿದವರು ಒಂದು ರಾಜ್ಯದವರು, ಪ್ಯಾಕು ಮಾಡಿದವರು ಇನ್ನೊಂದು ರಾಜ್ಯದವರು, ಮಾರಾಟದ ಹಕ್ಕು ಮತ್ತೆಲ್ಲೋ ಇರುವವರದ್ದು. ಇಷ್ಟು ಜನ ಸೇರಿ ಮಾಡಿದ ಚಹಾ ಚೆನ್ನಾಗಿಲ್ಲದೆ ಇರುತ್ತದೆಯೇ ಎಂದುಕೊಂಡು ಬುಟ್ಟಿಗೆ ಹಾಕಿದೆ.

ಮಾರನೆಯ ದಿನ ಪಕ್ಕದ ಮನೆ ಭಾವ ಜಗಲಿಗೆ ಬಂದು ಕೂತರು. ನಮ್ಮ ಕಡೆ ಯಾರೇ ಬಂದರೂ ಮೊದಲ ಪ್ರಶ್ನೆ ಕ್ಷೇಮದ್ದಲ್ಲ, ಕುಡಿಯುವುದರದ್ದು. “ಆಸ್ರಿಗೆ ಎಂತ ಮಾಡ್ಲಿ?” ಎಂದು ಒಳಗಿನಿಂದ ದನಿ ಬಂತು. ಭಾವ ಚಾ ಎಂದರು. ಬಂದ ಚಹಾಕ್ಕೆ ಮೃಗಶಿರ ಮಳೆಗೆ ಹಳ್ಳಕ್ಕಿಳಿಯುವ ಹೊಸನೀರಿನ ಬಣ್ಣವಿತ್ತು. ರುಚಿಯೂ ಬಹುತೇಕ ಅಲ್ಲಿಯದ್ದೇ. ಭಾವ ಒಂದು ಗುಟುಕು ಹೀರಿ, ಲೋಟವನ್ನು ಬೆಳಕಿಗೆ ಹಿಡಿದು, “ಇದು ಚಾ ಹೌದಾ ಭಾವ, ಅಲ್ಲ ಕಷಾಯ ಮಾಡಿದ ಪಾತ್ರೆ ತೊಳೆದದ್ದಾ?” ಎಂದರು. ಒಳಗೆ ಪಾತ್ರೆಯ ಸದ್ದು ಸ್ವಲ್ಪ ಜೋರಾಯಿತು. ಸಂಸಾರಸ್ಥರಿಗೆ ಆ ಸದ್ದಿನ ಅರ್ಥ ಗೊತ್ತಿರುತ್ತದೆ.

ದೂರು ಕೊಡಬೇಕಲ್ಲ. ಪೊಟ್ಟಣದ ಮೇಲೆ ಗ್ರಾಹಕರ ದೂರವಾಣಿ ಸಂಖ್ಯೆ ಇತ್ತು. ನಮ್ಮಲ್ಲಿ ಫೋನು ಮಾಡಬೇಕೆಂದರೆ ಅಂಗಳದಲ್ಲಿ ನಿಂತು ಆಗುವುದಿಲ್ಲ, ಗುಡ್ಡ ಹತ್ತಬೇಕು. ಹತ್ತಿದೆ. ಒಂದು ಹೆಣ್ಣುದನಿ ಹಿಂದಿಗೆ ಇಷ್ಟು ಒತ್ತಿ, ಇಂಗ್ಲಿಷಿಗೆ ಇಷ್ಟು ಒತ್ತಿ ಎಂದಿತು. ಕನ್ನಡಕ್ಕೆ ಎಷ್ಟು ಒತ್ತಬೇಕೆಂದು ಹೇಳುವುದರೊಳಗೆ ನೆಟ್‌ವರ್ಕ್ ಹೋಯಿತು. ಎರಡು ಹೆಜ್ಜೆ ಮೇಲೆ ಹೋದೆ, ಮತ್ತೆ ಹಿಡಿದೆ, ಮತ್ತೆ ಅದೇ ದನಿ, ನನ್ನ ಕರೆ ಅವರಿಗೆ ಬಹಳ ಮುಖ್ಯವೆಂದು ಹೇಳಿ ಸಂಗೀತ ಹಾಕಿತು. ಗುಡ್ಡದ ನೆತ್ತಿಯಲ್ಲಿ, ಗೇರುಮರದ ಬುಡದಲ್ಲಿ ನಿಂತು ಸಂಗೀತ ಕೇಳಿಸಿಕೊಂಡೆ. ಬೈಯಲು ಬಾಯಿ ತೆರೆದುಕೊಂಡಿದ್ದೇನೆ, ಆ ಕಡೆ ಬೈಸಿಕೊಳ್ಳಲು ಯಾರೂ ಇಲ್ಲ. ಅದಕ್ಕಿಂತ ದೊಡ್ಡ ಒಂಟಿತನ ಇನ್ನೊಂದಿಲ್ಲ.

ಊರಿನ ಅಂಗಡಿಯಲ್ಲಾದರೆ ಹೀಗಾಗುತ್ತಿರಲಿಲ್ಲ. ನಮ್ಮ ಅಂಗಡಿ ಶೆಟ್ಟರಿಗೂ ಅವರದೇ ಬ್ರ್ಯಾಂಡಿದೆ, ಹೆಸರಿಲ್ಲ ಅಷ್ಟೆ. ದೊಡ್ಡ ಡಬ್ಬಿಯಿಂದ ಚಹಾಪುಡಿ ತೋಡಿ, ಹಳೆಯ ಪೇಪರಿನಲ್ಲಿ ಸುರಿದು, ನಾಲ್ಕು ಮೂಲೆ ಮಡಚಿ, ಮೇಲಿನಿಂದ ಇಳಿಬಿಟ್ಟ ಉಂಡೆಯ ದಾರ ಎಳೆದು, ಎರಡು ಸುತ್ತು ಸುತ್ತಿ ಪಟ್ಟೆಂದು ಹರಿಯುತ್ತಾರೆ. ಆ ಪುಡಿ ಸರಿಯಿಲ್ಲದಿದ್ದರೆ ಹೋಗಿ ಹೇಳಬಹುದು. ಹೇಳಿದರೆ ಮೊದಲು “ಬೇರೆ ಯಾರೂ ಹೇಳಲಿಲ್ಲವಲ್ಲ” ಎನ್ನುತ್ತಾರೆ. ಆಮೇಲೆ ಹಾಲಿನ ದೋಷ ಎನ್ನುತ್ತಾರೆ. ಅದಾದ ಮೇಲೆ ಸಾಗರದ ಹೋಲ್‌ಸೇಲಿನವರನ್ನು ಬೈಯುತ್ತಾರೆ. ಅಲ್ಲಿಗೆ ನಾವಿಬ್ಬರೂ ಒಂದೇ ಪಕ್ಷದವರಾಗುತ್ತೇವೆ. ಕಡೆಗೆ ಒಂದು ಹಿಡಿ ಬೇರೆ ಪುಡಿ ಪೇಪರಿಗೆ ಸುರಿದು “ಇದ ನೋಡಿ” ಎಂದು ಕೊಡುತ್ತಾರೆ. ಪುಡಿ ಸುಧಾರಿಸುತ್ತದೋ ಇಲ್ಲವೋ, ಬೈದ ಮನಸ್ಸಿಗೆ ಸಮಾಧಾನವಾಗಿ ಮನೆಗೆ ಬರುತ್ತೇವೆ.

ಗುಡ್ಡ ಇಳಿಯುವಾಗ ಈ ಯೋಚನೆ ಹತ್ತಿಕೊಂಡಿತು: ದಿನಾ ಬೇಕಾಗುವ ಸಾಮಾನು ಯಾರ ಕೈಯಲ್ಲಿರಬೇಕು? ಸರ್ಕಾರದ ಕೈಯಲ್ಲೋ, ಕಂಪನಿಯ ಕೈಯಲ್ಲೋ, ಶೆಟ್ಟರ ಕೈಯಲ್ಲೋ, ನಮ್ಮದೇ ಕೈಯಲ್ಲೋ? ದೊಡ್ಡದೊಡ್ಡವರು ದಪ್ಪದಪ್ಪ ಪುಸ್ತಕ ಬರೆದ ಪ್ರಶ್ನೆ ಇದು. ಆದರೆ ಅವರಲ್ಲಿ ಯಾರೂ ಕಡೇ ಲಾಂಚು ತಪ್ಪಿಸಿಕೊಂಡು ದಡದಲ್ಲಿ ಕೂತವರಲ್ಲ. ಆ ಅನುಭವದ ಬಲದ ಮೇಲೆ ನಾನೂ ಎರಡು ಮಾತು ಹೇಳಬಹುದೆಂದುಕೊಂಡಿದ್ದೇನೆ.

ಮೊದಲಿಗೆ, ದಿನಾ ಬೇಕಾಗುವುದು ಯಾವುದು ಎಂಬುದರಲ್ಲೇ ಒಮ್ಮತವಿಲ್ಲ. ಸರ್ಕಾರಕ್ಕೆ 1955ರ ಅಗತ್ಯ ವಸ್ತುಗಳ ಕಾಯ್ದೆ ಇದೆ. ಅದರ ಪಟ್ಟಿ ಕಾಲಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. 2020ರ ಮಾರ್ಚಿನಲ್ಲಿ ಮಾಸ್ಕು, ಸ್ಯಾನಿಟೈಸರುಗಳೂ ಅದರೊಳಗೆ ಬಂದು ಕೆಲವು ತಿಂಗಳು ಇದ್ದು ಹೋದವು. ನಮ್ಮ ಮನೆಯ ಪಟ್ಟಿ ಅದಕ್ಕಿಂತ ಸ್ಥಿರವಾದದ್ದು. ಬೆಳಿಗ್ಗೆ ಕಾಫಿ, ಹತ್ತಕ್ಕೆ ಚಹಾ, ಊಟಕ್ಕೆ ಮಜ್ಜಿಗೆ, ಸಂಜೆ ಕಷಾಯ, ಬೇಸಿಗೆಯಲ್ಲಿ ನಡುನಡುವೆ ಮುರುಗಲು ಶರಬತ್ತು. ಅನ್ನವಿಲ್ಲದಿದ್ದರೂ ಹೇಗೋ ಸುಧಾರಿಸುತ್ತೇವೆ, ಕುಡಿಯುವುದಕ್ಕೆ ತಡವಾದರೆ ಮನೆಯೊಳಗೆ ಮಾತುಕತೆ ನಿಲ್ಲುತ್ತದೆ.

ಇವುಗಳಲ್ಲಿ ಅರ್ಧಕ್ಕರ್ಧ ಯಾರ ಹಂಗೂ ಇಲ್ಲದ್ದು. ಕಷಾಯಕ್ಕೆ ಬೇಕಾದ ಕಾಳುಮೆಣಸು ಅಡಿಕೆ ಮರಕ್ಕೆ ಹಬ್ಬಿದೆ. ಸಿಹಿಗೆ ಜೋನಿ ಬೆಲ್ಲವಿದೆ, ಆಲೆಮನೆಯಿಂದ ಬಂದ ಡಬ್ಬಿ ಅಟ್ಟದ ಮೇಲಿದೆ. ಮುರುಗಲು ಹಣ್ಣು ಕಾಡಿನದ್ದು, ಮಜ್ಜಿಗೆ ಕೊಟ್ಟಿಗೆಯದ್ದು. ಜೀರಿಗೆ, ಕೊತ್ತಂಬರಿಗೆ ಮಾತ್ರ ಪೇಟೆಯ ಕಡೆ ಕೈಚಾಚಬೇಕು. ಮತ್ತೆ ಮಜ್ಜಿಗೆಗೆ ಉಪ್ಪು. ಈ ಉಪ್ಪು ಬಹಳ ಹಳೆಯ ತಕರಾರು. ಸಮುದ್ರದ ನೀರು ಬಿಸಿಲಿಗೆ ಒಣಗಿ ತಾನಾಗಿ ಆಗುವ ಉಪ್ಪಿಗೆ ಬ್ರಿಟಿಷರು ತೆರಿಗೆ ಹಾಕಿದರು. ಗಾಂಧೀಜಿ ದಾಂಡಿಗೆ ನಡೆದು ಉಪ್ಪು ಎತ್ತಿದ ಒಂದು ವಾರಕ್ಕೆ, 1930ರ ಏಪ್ರಿಲ್ 13ರಂದು, ನಮ್ಮ ಘಟ್ಟದ ಕೆಳಗಿನ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಉಪ್ಪು ಮಾಡಿ ಕಾನೂನು ಮುರಿದರು. ತೆರಿಗೆ ಹಾಕಿದವನು ಲಂಡನ್ನಿನಲ್ಲಿದ್ದ, ಉಪ್ಪು ಬೇಕಾದವರು ಅಂಕೋಲೆಯಲ್ಲಿದ್ದರು. ಜಗಳಕ್ಕೆ ಕೈಗೆ ಸಿಗದವನ ಜೊತೆ ಜಗಳವಾಡಬೇಕಾದರೆ ಹಾಗೆ ಸಮುದ್ರದವರೆಗೆ ನಡೆಯಬೇಕಾಗುತ್ತದೆ. ಎಲ್ಲರಿಗೂ ಸಾಧ್ಯವಾಗುವ ಕೆಲಸ ಅಲ್ಲ.

ನಡೆಯುವ ಮಾತು ಬಂದದ್ದಕ್ಕೆ ಹೇಳುತ್ತೇನೆ, ನಮ್ಮೂರಲ್ಲಿ ಬಹುಕಾಲ ಎಲ್ಲ ಸಾಮಾನುಗಳ ನಿಯಂತ್ರಣ ಇದ್ದದ್ದು ಸರ್ಕಾರದ ಕೈಯಲ್ಲೂ ಅಲ್ಲ, ವ್ಯಾಪಾರಿಗಳ ಕೈಯಲ್ಲೂ ಅಲ್ಲ, ನೀರಿನ ಕೈಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದೆ ಸರಿದು ಬಂದು ಕೂತಳು. ಊರು, ಗದ್ದೆ, ದಾರಿ ಎಲ್ಲ ಅಡಿಗೆ ಹೋದವು. ಉಳಿದ ನಾವು ಆಚೆ ದಡದವರಾದೆವು. ನಾಡಿಗೆಲ್ಲ ಬೆಳಕು ಕೊಟ್ಟ ನೀರು ನಮಗೆ ಕೊಟ್ಟದ್ದು ಲಾಂಚು. ಸಕ್ಕರೆ ಮೂಟೆ, ಸೋಡಾ ಕ್ರೇಟು, ಸೀಮೆಎಣ್ಣೆ ಡ್ರಮ್ಮು, ಮದುಮಗಳು, ಎಮ್ಮೆ ಎಲ್ಲವೂ ಅದರಲ್ಲೇ ಬರಬೇಕಿತ್ತು. ಹಿನ್ನೀರಿನ ಮಟ್ಟ 1,819 ಅಡಿ ಮುಟ್ಟಿತೆಂದರೆ ಪೇಪರಿನಲ್ಲಿ ಸಂತೋಷದ ಸುದ್ದಿ. ಬೇಸಿಗೆಯಲ್ಲಿ ಅದು ಇಳಿದು ಲಾಂಚಿನ ತಳ ನೆಲಕ್ಕೆ ತಾಗುವಂತಾದರೆ ವಾಹನ ಹತ್ತಿಸುತ್ತಿರಲಿಲ್ಲ. ಲಾರಿಗಳು ನಿಟ್ಟೂರಿನ ಮೇಲೆ ಸುತ್ತು ಹೊಡೆದು ಬರಬೇಕಿತ್ತು. ಎಷ್ಟು ನೀರು ಬಿಡಬೇಕು, ಎಷ್ಟು ಹಿಡಿಯಬೇಕೆಂದು ತೀರ್ಮಾನಿಸುವವರು ನಮ್ಮ ಕಣ್ಣಿಗೆ ಯಾವತ್ತೂ ಬಿದ್ದವರಲ್ಲ. ಹಾಗಾಗಿ ನಾವು ಲಾಂಚಿನ ಡ್ರೈವರನ ಹತ್ತಿರ ಜಗಳವಾಡುತ್ತಿದ್ದೆವು. ಪಾಪ, ಅವರು ಕೈಗೆ ಸಿಗುತ್ತಿದ್ದರು.

ಕುಡಿಯುವುದೆಂದರೆ ಎಲ್ಲಕ್ಕಿಂತ ಮೊದಲು ನೀರೇ ಅಲ್ಲವೇ. 2019ರಲ್ಲಿ ಈ ಹಿನ್ನೀರನ್ನು ಬೆಂಗಳೂರಿಗೆ ಕುಡಿಯಲು ಒಯ್ಯುತ್ತೇವೆಂಬ ಮಾತು ಹೊರಟಾಗ ಜುಲೈ 10ರಂದು ಶಿವಮೊಗ್ಗ ಜಿಲ್ಲೆಯೇ ಬಂದ್ ಆಯಿತು. ಬೆಂಗಳೂರಿನವರ ಬಾಯಾರಿಕೆ ನಿಜ, ಅದರ ಬಗ್ಗೆ ನನಗೆ ಕೋಪವಿಲ್ಲ. ನಮ್ಮವರೂ ಅಲ್ಲಿ ಬಾಡಿಗೆ ಮನೆಯಲ್ಲಿ ಟ್ಯಾಂಕರಿಗೆ ಕಾಯುತ್ತಾರೆ. ಆದರೆ ಸಿಗಂದೂರು ದೇವಸ್ಥಾನಕ್ಕೆ ಬಂದವರು ಇಷ್ಟು ನೀರಿನ ಎದುರು ನಿಂತು ಬಾಟಲಿ ನೀರು ಕೊಂಡು ಕುಡಿಯುವುದನ್ನು ನೋಡುವಾಗ ಒಂದು ಕ್ಷಣ ತಲೆ ತಿರುಗುತ್ತದೆ. ಕಣ್ಣಿಗೆ ಕಾಣುವ ನೀರು ಯಾರದ್ದೋ, ಕೈಯಲ್ಲಿರುವ ಬಾಟಲಿ ಯಾರದ್ದೋ, ಬಾಯಾರಿಕೆ ಮಾತ್ರ ಸ್ವಂತದ್ದು.

ಸರ್ಕಾರದ ಕೈಯಲ್ಲೇ ಎಲ್ಲ ಇರಲಿ ಎನ್ನುವವರು ಸಕ್ಕರೆ ಪರ್ಮಿಟ್ಟಿನ ಕಾಲದವರನ್ನು ಒಮ್ಮೆ ಮಾತಾಡಿಸಬೇಕು. ಮದುವೆ ನಿಶ್ಚಯವಾದ ತಕ್ಷಣ ಹೆಣ್ಣಿನ ಅಪ್ಪ ಹೋಗುತ್ತಿದ್ದದ್ದು ಜವಳಿ ಅಂಗಡಿಗಲ್ಲ, ತಾಲ್ಲೂಕು ಕಚೇರಿಗೆ. ಲಗ್ನಪತ್ರಿಕೆ ತೋರಿಸಿ ಅರ್ಜಿ ಕೊಟ್ಟರೆ ಇಷ್ಟು ಸಕ್ಕರೆಯೆಂದು ಬರೆದುಕೊಡುತ್ತಿದ್ದರು. ಹೋಳಿಗೆಗೆ ಸಾಲುತ್ತದೆಯೋ, ಕಾಫಿಗೆ ಸಾಲುತ್ತದೆಯೋ ಎಂದು ಮನೆಯಲ್ಲಿ ಲೆಕ್ಕ. ನಮ್ಮ ಕಡೆಯ ಎಷ್ಟೋ ಮದುವೆಗಳಲ್ಲಿ ಗಂಡಿನ ಕಡೆಯವರಿಗೆ ಸಕ್ಕರೆ ಕಾಫಿ, ಹೆಣ್ಣಿನ ಕಡೆಯವರಿಗೆ ಬೆಲ್ಲದ ಕಾಫಿ ಎಂಬ ಒಳನ್ಯಾಯವಿತ್ತಂತೆ. ಬೆಲ್ಲದ ಕಾಫಿಯೇ ರುಚಿ ಎಂದು ಈಗ ಪೇಟೆಯ ಹೋಟೆಲುಗಳಲ್ಲಿ ಹೆಚ್ಚು ಕಾಸಿಗೆ ಮಾರುತ್ತಾರೆ, ಅದು ಬೇರೆ ಮಾತು. ಆಗ ಜಗಳಕ್ಕೆ ಗುಮಾಸ್ತರು ಸಿಗುತ್ತಿದ್ದರೇ ಎಂದು ನೀವು ಕೇಳಬಹುದು. ಸಿಗುತ್ತಿದ್ದರು. ಆದರೆ ಜಗಳವಾಡಿದರೆ ಸಕ್ಕರೆ ಸಿಗುತ್ತಿರಲಿಲ್ಲ.

ಕಾಫಿಯದ್ದೂ ಅದೇ ಕತೆ, ಇನ್ನೂ ದೊಡ್ಡ ಪ್ರಮಾಣದಲ್ಲಿ. ಎರಡನೆಯ ಮಹಾಯುದ್ಧ ಶುರುವಾಗಿ ಯೂರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಬೆಳೆಗಾರರನ್ನು ಉಳಿಸಲು ಕಾಫಿ ಬೋರ್ಡು ಮುಂದೆ ಬಂತು. 1942ರ ಕಾಯ್ದೆ ಅದಕ್ಕೆ ಗಟ್ಟಿ ಬುನಾದಿ ಹಾಕಿತು. ಬೆಳೆಗಾರ ಮನೆಖರ್ಚಿಗೆ ಒಂದಿಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನೆಲ್ಲ ಬೋರ್ಡಿನ ಪೂಲಿಗೆ ಒಪ್ಪಿಸಬೇಕು, ಹಣ ಕಂತುಕಂತಾಗಿ ಬರುತ್ತದೆ. ಯುದ್ಧ ಮುಗಿದು, ಸ್ವಾತಂತ್ರ್ಯ ಬಂದು, ತಲೆಮಾರು ಕಳೆದರೂ ಆ ವ್ಯವಸ್ಥೆ ಹೋಗಲಿಲ್ಲ. 1990ರ ದಶಕದಲ್ಲಿ ಸ್ವಲ್ಪಸ್ವಲ್ಪವಾಗಿ ಸಡಿಲಿಸಿ, 1996ರ ಹೊತ್ತಿಗೆ ಬೆಳೆದವರೇ ಮಾರಿಕೊಳ್ಳಿ ಎಂದು ಪೂರ್ತಿ ಬಿಟ್ಟರು. ಬಿಟ್ಟ ಮೇಲೆ ಕೆಲವು ವರ್ಷ ಬೆಲೆ ಏರಿತು, ಆಮೇಲೆ ಬಿತ್ತು. ಬಿದ್ದಾಗ ಬೈಯೋಣವೆಂದರೆ ಬೋರ್ಡಿನ ಕೈಯಲ್ಲಿ ಬೆಲೆಯಿಲ್ಲ. ಅದು ಲಂಡನ್ನು, ನ್ಯೂಯಾರ್ಕುಗಳ ಪೇಟೆಗೆ ಹೋಗಿ ಕೂತಿತ್ತು. ಮತ್ತೆ ಲಂಡನ್ನೇ!

ಅದೇ ಬೋರ್ಡಿನ ಇನ್ನೊಂದು ಕತೆ ನನಗೆ ಹೆಚ್ಚು ಇಷ್ಟ. ಬೋರ್ಡು ಊರೂರಲ್ಲಿ ಕಾಫಿ ಹೌಸುಗಳನ್ನು ನಡೆಸುತ್ತಿತ್ತು. 1950ರ ದಶಕದ ನಡುವಿನಲ್ಲಿ ಅವನ್ನು ಮುಚ್ಚಲು ಹೊರಟು ನೌಕರರನ್ನು ಮನೆಗೆ ಕಳಿಸುವ ಹೊತ್ತಾಯಿತು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರು ಆ ನೌಕರರಿಗೆ, ನೀವೇ ಸಹಕಾರ ಸಂಘ ಮಾಡಿಕೊಂಡು ನಡೆಸಿ ಎಂದು ಬೆನ್ನು ತಟ್ಟಿದರು. 1957ರ ಆಗಸ್ಟಿನಲ್ಲಿ ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಪೇಟ ತೊಟ್ಟು ಕಾಫಿ ತಂದಿಡುವವರೇ ಹೋಟೆಲಿನ ಮಾಲೀಕರೂ ಹೌದು. ಕಾಫಿ ತಣ್ಣಗಿದೆಯೆಂದು ನೀವು ದೂರಿದರೆ ದೂರು ನೇರ ಮಾಲೀಕರಿಗೇ ಮುಟ್ಟುತ್ತದೆ. ಮಹಾತ್ಮ ಗಾಂಧಿ ರಸ್ತೆಯ ಆ ಕಾಫಿ ಹೌಸು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋಗಿ ಕೂತಿದೆ. ದೋಸೆ, ಕಾಫಿ, ಹರಟೆ ಈಗಲೂ ನಡೆಯುತ್ತಿದೆ.

ಸರ್ಕಾರವೇ ಪಾನೀಯ ತಯಾರಿಸಿದರೆ ಹೇಗಿರುತ್ತದೆಂಬ ಪ್ರಯೋಗವೂ ಆಗಿಹೋಗಿದೆ. 1977ರಲ್ಲಿ ಜನತಾ ಸರ್ಕಾರ ಬಂದು ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಮಂತ್ರಿಯಾದರು. ಮಂಗಳೂರಿನಲ್ಲಿ ಹುಟ್ಟಿದ ಮನುಷ್ಯ, ಜಗಳಕ್ಕೆ ಹೆದರುವವರಲ್ಲ. ವಿದೇಶಿ ಪಾಲು ಇಳಿಸಬೇಕೆಂಬ ಕಾನೂನಿನ ತಕರಾರಿನಲ್ಲಿ ಕೋಕಾ-ಕೋಲಾ ದೇಶ ಬಿಟ್ಟು ಹೋಯಿತು. ಖಾಲಿಯಾದ ಜಾಗಕ್ಕೆ ಸರ್ಕಾರಿ ಕಂಪನಿ ಮಾಡರ್ನ್ ಫುಡ್ ಇಂಡಸ್ಟ್ರೀಸ್ ‘77’ ಎಂಬ ಪಾನೀಯ ತಂದಿತು. ಎಲ್ಲರೂ ಡಬಲ್ ಸೆವೆನ್ ಎಂದರು. ಅದರ ಪಾಕ ಸಿದ್ಧವಾದದ್ದು ಎಲ್ಲಿ ಗೊತ್ತೇ? ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ. ಸರ್ಕಾರ ಬಂದ ವರ್ಷವನ್ನೇ ಬಾಟಲಿಗೆ ಹೆಸರಿಟ್ಟರೆ ಸರ್ಕಾರ ಹೋದ ಮೇಲೆ ಬಾಟಲಿಯ ಗತಿಯೇನು? 1980ರಲ್ಲಿ ಸರ್ಕಾರ ಬದಲಾಯಿತು, ಬಾಟಲಿಯ ಗುಳ್ಳೆಯೂ ಇಳಿಯುತ್ತ ಬಂತು. ಆಮೇಲೆ 1993ರಲ್ಲಿ ಕೋಕಾ-ಕೋಲಾ ತಿರುಗಿ ಬಂದು, ಅದಿಲ್ಲದಾಗ ಬೆಳೆದಿದ್ದ ಥಮ್ಸ್ ಅಪ್ಪನ್ನೇ ಕೊಂಡುಕೊಂಡಿತು. ಅದೇ ಕಾಲದ ಕ್ಯಾಂಪಾ ಕೋಲಾ 2022ರಲ್ಲಿ ರಿಲಯನ್ಸಿನ ಪಾಲಾಗಿ, ಈಗ ಹೊಸ ಅಂಗಿ ತೊಟ್ಟು ಅವರದೇ ಮಳಿಗೆಗಳಲ್ಲಿ ನಿಂತಿದೆ. ಹೆಸರು ಹಳೆಯದಾದರೂ ಅದೂ ಈಗ ಅಂಗಡಿಯವರ ಬ್ರ್ಯಾಂಡೇ.

ಇವಕ್ಕೆಲ್ಲ ಮೊದಲು ಒಂದೊಂದು ಪೇಟೆಗೂ ಒಂದೊಂದು ಸೋಡಾ ಇತ್ತು. ಗೋಲಿ ಸೋಡಾ. ಹೆಬ್ಬೆರಳಿನಿಂದ ಗೋಲಿ ಒತ್ತಿದರೆ ಕೀಂಯ್ ಎಂದು ಕೂಗುತ್ತಿತ್ತು. ಬಾಟಲಿಯ ಮೇಲೆ ಊರಿನ ಹೆಸರು, ಮಾಲೀಕರ ಹೆಸರು. ನೀರಿನಲ್ಲಿ ಕಸ ಕಂಡರೆ ಮಾಲೀಕರ ಮನೆ ಮೂರನೆಯ ಓಣಿಯಲ್ಲಿ. ಆ ಸೋಡಾಗಳು ಹೋದವು. ಎಲ್ಲವೂ ಹೋಯಿತೆಂದು ಅಳಬೇಕಾಗಿಲ್ಲ, ಪುತ್ತೂರಿನಲ್ಲಿ ಹುಟ್ಟಿದ ಬಿಂದು ಜೀರಾ ನಮ್ಮ ಅಂಗಡಿಯ ಫ್ರಿಜ್ಜಿನಲ್ಲಿ ಅಮೆರಿಕದ ಬಾಟಲಿಗಳ ಪಕ್ಕದಲ್ಲೇ ಭುಜ ಕೊಟ್ಟು ನಿಂತಿದೆ. ಜಾತ್ರೆಯಲ್ಲಿ ಹೊಟ್ಟೆ ಭಾರವಾದವರು ಈಗ ಅದನ್ನೇ ಕೇಳುವುದು.

ಕಂಪನಿಯ ಕೈಯಲ್ಲಿ ಬಿಟ್ಟರೆ ಏನಾಗುತ್ತದೆಂದು ತಿಳಿಯಬೇಕಾದರೂ ಪುತ್ತೂರಿಗೇ ಹೋಗಬೇಕು. ಅಡಿಕೆ ತೋಟದ ನಡುವೆ ಕೋಕೋ ಹಾಕಿ ಎಂದು ಹುರಿದುಂಬಿಸಿದ್ದರು, ಹಾಕಿದೆವು. 1980ರ ಆಸುಪಾಸಿನಲ್ಲಿ ಪೇಟೆ ಕುಸಿದು, ಕೊಳ್ಳುವವರು ಕೈಯೆತ್ತಿದಾಗ ಹಣ್ಣು ಮರದಲ್ಲೇ ಕೊಳೆಯತೊಡಗಿತು. ಆಗ ಕೊಳ್ಳಲು ಮುಂದೆ ಬಂದದ್ದು ಕ್ಯಾಂಪ್ಕೊ, 1973ರಲ್ಲಿ ಅಡಿಕೆಯ ಸಲುವಾಗಿ ಹುಟ್ಟಿದ್ದ ಬೆಳೆಗಾರರ ಸಹಕಾರ ಸಂಘ. ಕೊಂಡ ಬೀಜವನ್ನು ಏನು ಮಾಡುವುದು? 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿದರು. ಅಡಿಕೆ ಬೆಳೆಯುವವರು ಚಾಕೊಲೇಟ್ ಮಾಡುತ್ತಾರೆಂದರೆ ನಗುವವರು ಆಗಲೂ ಇದ್ದರು. ಈಗ ನಮ್ಮ ಮನೆಯ ಹುಡುಗರು ಹಾಲಿಗೆ ಬೆರೆಸಿ ಕುಡಿಯುವ ಪುಡಿಯ ಡಬ್ಬಿಯ ಮೇಲೂ ಕ್ಯಾಂಪ್ಕೊ ಎಂದೇ ಇದೆ. ಅಡಿಕೆಗೆ ಬೆಲೆ ಇಳಿದ ದಿನ ನಾನು ಆ ಡಬ್ಬಿಯನ್ನು ದುರುಗುಟ್ಟಿ ನೋಡುವುದುಂಟು.

ಹಾಲಿನ ಮಾತಿಗೆ ಬಂದೆವಲ್ಲ, ಇನ್ನು ಬೇಗ ಬಿಡುವುದಿಲ್ಲ. ಬೆಳಿಗ್ಗೆ ಹಾಲು ಸೊಸೈಟಿಯ ಜಗಲಿಗೆ ಬನ್ನಿ. ನಾವು ಅದನ್ನು ಡೈರಿ ಎನ್ನುತ್ತೇವೆ. ಕ್ಯಾನು, ಉಗ್ಗ, ತಂಬಿಗೆ ಹಿಡಿದವರ ಸಾಲು. ಕಾರ್ಯದರ್ಶಿ ಪ್ರತಿಯೊಬ್ಬರ ಹಾಲಿನಿಂದ ಸ್ವಲ್ಪ ತೆಗೆದು ಯಂತ್ರಕ್ಕೆ ಹಿಡಿಯುತ್ತಾರೆ. ಕೊಬ್ಬಿಷ್ಟು, ಎಸ್‌ಎನ್‌ಎಫ್ ಅಂದರೆ ಕೊಬ್ಬಲ್ಲದ ಘನಾಂಶ ಇಷ್ಟು ಎಂದು ಅಂಕಿ ಬರುತ್ತದೆ. ದುಡ್ಡು ಆ ಅಂಕಿಯ ಮೇಲೆ. “ನಿಮ್ದು ಡಿಗ್ರಿ ಬಂದಿಲ್ಲ” ಎಂದರೆ ಮುಗಿಯಿತು. ಅದರ ಅರ್ಥ ನೀರು ಬೆರೆಸಿದ್ದೀರಿ ಎಂದೇನೂ ಅಲ್ಲ, ಆದರೆ ಸಾಲಿನಲ್ಲಿರುವ ಎಲ್ಲರೂ ಹಾಗೆಂದೇ ತಿಳಿದುಕೊಳ್ಳುತ್ತಾರೆ. ನಮ್ಮ ಮನೆಯ ಮಲೆನಾಡು ಗಿಡ್ಡ ಕೊಡುವ ಹಾಲು ಒಂದು ತಂಬಿಗೆಯನ್ನು ಮುಜುಗರವಿಲ್ಲದೆ ತುಂಬಿಸಿದರೆ ದೊಡ್ಡದು. ಕೊಬ್ಬಿನಲ್ಲಿ ಮಾತ್ರ ಅದು ತಲೆತಗ್ಗಿಸುವ ಜಾತಿಯಲ್ಲ. ಮಳೆಗಾಲದ ಒಂದು ಬೆಳಿಗ್ಗೆ ಡಿಗ್ರಿ ಬರಲಿಲ್ಲವೆಂದಾಗ ನಾನು ಯಂತ್ರದ ಮೇಲೆ, ಮಳೆಯ ಮೇಲೆ, ಹುಲ್ಲಿನ ಮೇಲೆ ದೀರ್ಘ ಭಾಷಣ ಮಾಡಿದೆ. ಕಾರ್ಯದರ್ಶಿ ಪೂರ್ತಿ ಕೇಳಿಸಿಕೊಂಡರು. ಇನ್ನೊಮ್ಮೆ ಹಾಲು ಕಲಕಿ ಹಿಡಿದರು. ಅಂಕಿ ಹಾಗೇ ಬಂತು. ಆದರೂ ಕೇಳಿಸಿಕೊಂಡರಲ್ಲ!

ಈ ಹಾಲು ಶಿವಮೊಗ್ಗ ಒಕ್ಕೂಟಕ್ಕೆ ಹೋಗಿ, ನಂದಿನಿಯಾಗಿ ಪೊಟ್ಟಣದೊಳಗೆ ಕೂತು ತಿರುಗಿ ನಮ್ಮ ಅಂಗಡಿಗೇ ಬರುತ್ತದೆ. ಹಬ್ಬದ ದಿನ ಮನೆ ತುಂಬ ಜನವಾದರೆ ನಾವೂ ಅದನ್ನೇ ಕೊಳ್ಳುತ್ತೇವೆ. 1974ರಲ್ಲಿ ಡೈರಿ ಅಭಿವೃದ್ಧಿ ನಿಗಮವಾಗಿ ಶುರುವಾಗಿ, 1984ರಲ್ಲಿ ಹಾಲು ಮಹಾಮಂಡಳವಾದ ಕೆಎಂಎಫ್ ಗುಜರಾತಿನ ಆಣಂದದ ಮಾದರಿಯಲ್ಲಿ ಬೆಳೆದದ್ದು. 2023ರ ಏಪ್ರಿಲ್ಲಿನಲ್ಲಿ, ಅದೇ ಆಣಂದದ ಅಮುಲ್ ಬೆಂಗಳೂರಿಗೆ ಹಾಲು ತರುತ್ತೇನೆಂದಾಗ ಎಷ್ಟು ಗಲಾಟೆಯಾಯಿತು ನೆನಪಿದೆಯೇ? ಚುನಾವಣೆ ಹತ್ತಿರವಿತ್ತು, ಹಾಲು ಉಕ್ಕಿತು. ಬೆಂಗಳೂರಿನ ಹೋಟೆಲ್ ಮಾಲೀಕರು ನಂದಿನಿ ಬಿಟ್ಟು ಬೇರೆ ಮುಟ್ಟುವುದಿಲ್ಲವೆಂದರು. ಕ್ಷೀರವೂ ರಾಜಕೀಯವೂ ಬೇರೆಬೇರೆ ಪಾತ್ರೆಯಲ್ಲಿರುತ್ತವೆಂಬ ಭ್ರಮೆ ನನಗೆ ಅಂದೇ ಹೋಯಿತು. ಮರುವರ್ಷ ಟಿ20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡಿನ ಆಟಗಾರರು ಅಂಗಿಯ ಮೇಲೆ ಕನ್ನಡದಲ್ಲಿ ನಂದಿನಿ ಎಂದು ಬರೆಸಿಕೊಂಡು ಆಡಿದರು. ಭಾವ ಅದನ್ನು ಟಿವಿಯಲ್ಲಿ ನೋಡಿ, “ಅಲ್ಲಿಗೂ ನಮ್ಮ ಹಾಲು ಮುಟ್ಟಿತಾ? ನಮಗೆ ಬಟವಾಡೆ ಯಾವಾಗಂತೆ?” ಎಂದರು.

2024ರ ಜೂನಿನಲ್ಲಿ ನಂದಿನಿ ಪೊಟ್ಟಣಕ್ಕೆ 50 ಮಿಲಿ ಲೀಟರ್ ಹಾಲು ಹೆಚ್ಚು ಹಾಕಿ, ಬೆಲೆಯನ್ನು 2 ರೂಪಾಯಿ ಏರಿಸಿದರು. ಬೆಲೆ ಏರಿಲ್ಲ, ಹಾಲು ಏರಿದೆ ಎಂದರು. ಕೇಳಿದವರಿಗೆಲ್ಲ ನಮಗೆ ಹೆಚ್ಚಿನ ಹಾಲು ಬೇಡವಾಗಿತ್ತಲ್ಲ ಎನಿಸಿತು. 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿಸಿ, ಆ 50 ಮಿಲಿ ಲೀಟರನ್ನು ಹಿಂದಕ್ಕೆ ತೆಗೆದುಕೊಂಡರು. ಏಪ್ರಿಲ್ ಒಂದನೇ ತಾರೀಕಾದ್ದರಿಂದ ಕೆಲವರು ನಂಬಲಿಲ್ಲ. ಕೊಳ್ಳುವವನಾಗಿ ನನಗೆ ಕೋಪ ಬಂತು, ಹಾಲು ಹಾಕುವವನಾಗಿ ಸಂತೋಷವಾಯಿತು. ಒಂದೇ ಲೋಟ ಕಾಫಿ ಕುಡಿಯುತ್ತ ಬೆಲೆ ಹೆಚ್ಚಾಯಿತೆಂದು ಗೊಣಗಿ, ಕಡಿಮೆಯಾಯಿತೆಂದೂ ಗೊಣಗುವ ಭಾಗ್ಯ ಮಲೆನಾಡಿನವರದ್ದು.

ಈ ಅಳತೆಯ ವಿಷಯದಲ್ಲಿ ನಮ್ಮ ತಾಲ್ಲೂಕಿಗೆ ಮೂಗು ಸ್ವಲ್ಪ ಚುರುಕು. 1951ರ ಕಾಗೋಡು ಸತ್ಯಾಗ್ರಹ ಹೊತ್ತಿಕೊಂಡದ್ದು ಒಂದು ಕೊಳಗದಿಂದ. ಗೇಣಿಯ ಭತ್ತ ಅಳೆಯುವ ಕೊಳಗ ನ್ಯಾಯವಾಗಿ ಇರಬೇಕಾದದ್ದಕ್ಕಿಂತ ದೊಡ್ಡದು ಎಂದು ಗೇಣಿದಾರರು ತಿರುಗಿಬಿದ್ದರು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಸಾಗರದಲ್ಲಿ ಬಂಧನಕ್ಕೊಳಗಾದರು. ಕೊಳಗದ ಜಗಳ ನೆಲದ ಜಗಳವಾಯಿತು. ಉಳುವವನೇ ಹೊಲದೊಡೆಯ ಎನ್ನುವ ಮಾತು 1974ರ ಭೂಸುಧಾರಣೆಯವರೆಗೆ ನಡೆದು ಹೋಯಿತು. ಅಳೆಯುವ ಪಾತ್ರೆ ಯಾರ ಕೈಯಲ್ಲಿದೆ ಎಂಬುದೇ ಎಲ್ಲಕ್ಕೂ ಮೂಲ. ಕೊಳಗ ಕಣ್ಣೆದುರಿಗಿತ್ತು, ಅಳೆಯುವವರು ಕಣ್ಣೆದುರಿಗಿದ್ದರು. ಹಾಗಾಗಿ ಜಗಳ ಸಾಧ್ಯವಾಯಿತು. ಅದೇ ಕೊಳಗ ಯಾವುದೋ ಊರಿನ ಕಂಪ್ಯೂಟರಿನೊಳಗಿದ್ದಿದ್ದರೆ ಕಾಗೋಡಿನವರು ಯಾವ ಗುಡ್ಡ ಹತ್ತಬೇಕಿತ್ತು?

ಅಳೆಯುವ ಪಾತ್ರೆಯನ್ನು ತಮ್ಮ ಕೈಗೇ ತೆಗೆದುಕೊಂಡವರೂ ಇದ್ದಾರೆ. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 1844ರಲ್ಲಿ ಇಪ್ಪತ್ತೆಂಟು ಜನ ಸೇರಿ, ಅವರಲ್ಲಿ ಬಹಳಷ್ಟು ಬಡ ನೇಕಾರರು, ಒಂದು ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸು, ಮೇಣದಬತ್ತಿ, ಇಷ್ಟೇ ಸಾಮಾನು. ಆ ಕಾಲದಲ್ಲಿ ಅಲ್ಲಿ ಹಿಟ್ಟಿಗೆ ಸೀಮೆಸುಣ್ಣ ಬೆರೆಸುವುದು, ಒಮ್ಮೆ ಕುದಿಸಿದ ಚಹಾ ಎಲೆಯನ್ನು ಒಣಗಿಸಿ ಬಣ್ಣ ಹಾಕಿ ಮತ್ತೆ ಮಾರುವುದು ಮಾಮೂಲು. ಇವರದ್ದು ಕಲಬೆರಕೆಯಿಲ್ಲದ ಮಾಲು, ಸರಿಯಾದ ತೂಕ, ಲಾಭ ಬಂದರೆ ಕೊಂಡವರಿಗೇ ಪಾಲು. ಮುಂದೆ ಆ ಸಹಕಾರಿಗಳೇ ಸ್ವಂತ ಹೆಸರಿನಲ್ಲಿ ಚಹಾ ಮಾರಿದರು. ಅಂಗಡಿಯವರ ಬ್ರ್ಯಾಂಡು ಎಂಬುದರಲ್ಲಿ ಸ್ವತಃ ದೋಷವೇನಿಲ್ಲ ಎಂದಾಯಿತು. ಅಂಗಡಿ ಯಾರದ್ದು ಎಂಬುದಷ್ಟೇ ಪ್ರಶ್ನೆ. ನಮ್ಮಲ್ಲೂ 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಘಟ್ಟದ ಮೇಲಿನ ಶಿರಸಿಯ ತೋಟಗಾರರ ಸೇಲ್ ಸೊಸೈಟಿಗೆ ನೂರು ದಾಟಿದೆ, ಈಗ ಸೂಪರ್ ಮಾರ್ಕೆಟನ್ನೂ ನಡೆಸುತ್ತದೆ.

ಸೊಸೈಟಿಗಳೆಂದರೆ ದೇವಸ್ಥಾನ ಎಂದು ನಾನು ಹೇಳಿದರೆ ನನ್ನ ಊರಿನವರೇ ನಗುತ್ತಾರೆ. ಅಲ್ಲಿ ಚುನಾವಣೆಯಿದೆ, ಚುನಾವಣೆಯಲ್ಲಿ ಜಾತಿಯಿದೆ, ಜಾತಿಯೊಳಗೆ ಪಂಗಡವಿದೆ, ಪಂಗಡದೊಳಗೆ ಅಣ್ಣತಮ್ಮಂದಿರ ಮನಸ್ತಾಪವಿದೆ. ಸಾಲ ಯಾರಿಗೆ ಬೇಗ ಸಿಗುತ್ತದೆ, ಗೊಬ್ಬರ ಯಾರ ಮನೆಗೆ ಮೊದಲು ಹೋಗುತ್ತದೆ ಎಂಬುದನ್ನೆಲ್ಲ ಕೂತು ನೋಡಿದ್ದೇವೆ. ಮುಳುಗಿದ ಸೊಸೈಟಿಗಳೂ ಉಂಟು. ಆದರೆ ಮುಳುಗಿಸಿದವರು ಯಾರೆಂದು ಊರಿಗೆ ಗೊತ್ತಿರುತ್ತದೆ. ಅವರು ಮದುವೆಯ ಪಂಕ್ತಿಯಲ್ಲಿ ಎದುರಿಗೇ ಕೂತು ಊಟ ಮಾಡಬೇಕಾಗುತ್ತದೆ. ಆ ಊಟ ಅಷ್ಟು ಸುಲಭವಾಗಿ ಗಂಟಲಿಳಿಯುವುದಿಲ್ಲ. ದಿನಾ ಬೇಕಾಗುವ ಸಾಮಾನು ಯಾರ ಕೈಯಲ್ಲಿರಬೇಕೆಂದರೆ ನನ್ನದು ಇಷ್ಟೇ ಉತ್ತರ: ಜಗಳಕ್ಕೆ ಸಿಗುವವರ ಕೈಯಲ್ಲಿ. ಜಗಳವಾಡಿದ ಮೇಲೂ ಸಾಮಾನು ಕೊಡಲೇಬೇಕಾದವರ ಕೈಯಲ್ಲಿ. ಸರ್ಕಾರವಾದರೂ ಸರಿ, ಶೆಟ್ಟರಾದರೂ ಸರಿ, ಕಂಪನಿಯೇ ಆದರೂ ಸರಿ, ಈ ಎರಡು ಪರೀಕ್ಷೆಯಲ್ಲಿ ಡಿಗ್ರಿ ಬಂದರೆ ಸಾಕು.

ಸೆಪ್ಟೆಂಬರ್ ಬಂತೆಂದರೆ ಸೊಸೈಟಿಗಳ ಮಹಾಸಭೆಯ ಕಾಲ. ನಮ್ಮದರ ಕರೆಯೋಲೆಯೂ ಬಂದಿದೆ. ಅದರ ಕಡೇ ಸಾಲಿನಲ್ಲಿ ಯಾವಾಗಲೂ ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು’ ಎಂದಿರುತ್ತದೆ. ಊರಿನ ನಿಜವಾದ ವಿಷಯಗಳೆಲ್ಲ ಇರುವುದು ಆ ಸಾಲಿನಲ್ಲೇ. ಸೊಸೈಟಿಯಲ್ಲಿ ಒಳ್ಳೆಯ ಚಹಾಪುಡಿಯನ್ನೇ ತರಿಸಿ, ನಮ್ಮದೇ ಹೆಸರು ಹಾಕಿ ಮಾರಿದರೆ ಹೇಗೆ ಎಂದು ಕೇಳೋಣವೆಂದಿದ್ದೇನೆ. ಭಾವ ಅನುಮೋದಿಸಲು ಒಪ್ಪಿದ್ದಾರೆ, ಪುಡಿ ಆರಿಸುವಾಗ ತನ್ನನ್ನೂ ಕರೆಯಬೇಕೆಂಬ ಷರತ್ತಿನ ಮೇಲೆ. ಹೆಸರೇನಿಡಬೇಕೆಂದೇ ಒಂದು ಗಂಟೆ ಗಲಾಟೆಯಾಗುತ್ತದೆ, ಅದಕ್ಕೆ ತಯಾರಾಗಿದ್ದೇನೆ. ಒಂದೇ ಎಚ್ಚರಿಕೆ ಬೇಕು, ಅವಲಕ್ಕಿ-ಚಹಾ ಹಂಚುವ ಮೊದಲೇ ಎದ್ದು ನಿಂತು ಮಾತು ಮುಗಿಸಬೇಕು. ಲೋಟ ಕೈಗೆ ಬಂದ ಮೇಲೆ ನಮ್ಮವರು ಅಧ್ಯಕ್ಷರ ಮಾತನ್ನೇ ಕೇಳುವುದಿಲ್ಲ.